ಎರಡು ಬೆರಳಿನ ಸಂದು

“ನೋವು ಹೋಗಬೇಕಾದರೆ ಮೊದಲು ಇನ್ನಷ್ಟು ನೋಯಿಸಿಕೊಳ್ಳಬೇಕು ಎನ್ನುತ್ತೀರಿ. ಇದು ಯಾವ ನ್ಯಾಯ ಗುರುಗಳೇ?” ಎಂದು ಶಂಭುಲಿಂಗ ಕೇಳಿದ.

ಅವನಿಗೆ ಸೊಂಟನೋವು. ಎರಡು ವರ್ಷದಿಂದ ಕಾಡುತ್ತಿತ್ತು. ಬೆನ್ನನ್ನು ಗಟ್ಟಿ ಮಾಡುವ ವ್ಯಾಯಾಮವನ್ನು ಗುರುಗಳೇ ಎದುರಿಗೆ ಕೂತು ಹೇಳಿಕೊಟ್ಟಿದ್ದರು. ಅವನು ಒಂಬತ್ತು ದಿನ ಮಾಡಿ ಬಿಟ್ಟಿದ್ದ. ಮಠದ ತೋಟಕ್ಕೆ ಬಾವಿಯಿಂದ ನೀರು ಹೊರುವುದು ಶಿಷ್ಯರ ಕೆಲಸ. ಒಬ್ಬೊಬ್ಬನಿಗೆ ದಿನಕ್ಕೆ ಇಪ್ಪತ್ತು ಕೊಡ. ಶಂಭುಲಿಂಗನ ಪಾಲಿನ ಇಪ್ಪತ್ತನ್ನೂ ಈಗ ಮರುಳಯ್ಯನೆಂಬ ಇನ್ನೊಬ್ಬ ಶಿಷ್ಯ ಹೊರುತ್ತಿದ್ದ.

“ಮಲಗಿದರೆ ಹಾಯಾಗಿರುತ್ತದೆ. ವ್ಯಾಯಾಮ ಮಾಡಿದರೆ ಹಿಡಿದುಕೊಳ್ಳುತ್ತದೆ. ಮರುಳಯ್ಯನಿಗೂ ಏನೂ ಬೇಸರವಿಲ್ಲ. ನೀರು ನಿಂತಿಲ್ಲ, ತೋಟ ಒಣಗಿಲ್ಲ. ನಾನು ಸ್ವಲ್ಪ ಹಾಯಾಗಿದ್ದರೆ ಯಾರಿಗೆ ಏನು ನಷ್ಟ?”

ಗುರುಗಳು “ಕೂತುಕೋ. ಗೋಡೆಗೆ ಒರಗಬೇಡ,” ಎಂದರು. ಅವನು ಕೂತ ಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಅಣ್ಣ ತಮ್ಮ ಇಬ್ಬರು ಪಲ್ಲಕ್ಕಿ ಹೊರುತ್ತಿದ್ದರು. ಆ ಸೀಮೆಯ ದೊರೆಯ ತಾಯಿಗೆ ವಯಸ್ಸಾಗಿತ್ತು, ಮೈಯೂ ಭಾರವಾಗಿತ್ತು. ಆಕೆ ವಾರಕ್ಕೆ ಮೂರು ಸಲ ನದಿಯ ಸ್ನಾನಕ್ಕೆ ಹೋಗುತ್ತಿದ್ದಳು. ಕೋಟೆಯಿಂದ ನದಿಗೆ ಹೋಗುವಾಗ ಇಳಿಜಾರು, ಬರುವಾಗ ಏರು. ಪಲ್ಲಕ್ಕಿಯ ಉದ್ದಕ್ಕೂ ಒಂದೇ ದಂಡಿಗೆಯ ಮರ. ಅದರ ಮುಂದಿನ ತುದಿಗೆ ಇಬ್ಬರು, ಹಿಂದಿನ ತುದಿಗೆ ಇಬ್ಬರು, ಒಬ್ಬರ ಹಿಂದೆ ಒಬ್ಬರು ಹೆಗಲು ಕೊಡಬೇಕು. ಮುಂದಿನ ಜೋಡಿ ಈ ಅಣ್ಣ ತಮ್ಮ. ಎಲ್ಲರಿಗಿಂತ ಮುಂದೆ ಅಣ್ಣ, ಅವನ ಬೆನ್ನ ಹಿಂದೆಯೇ ತಮ್ಮ.

ಹೊರುವವರಲ್ಲಿ ಒಂದು ಪದ್ಧತಿ ಇತ್ತು. ದಂಡಿಗೆ ಮೇಲೆದ್ದ ಕೂಡಲೇ ಮುಂದಿನವನು “ಹೆಗಲು ಕೊಟ್ರಾ?” ಎಂದು ಕೂಗುತ್ತಾನೆ. ಹಿಂದಿನ ಮೂವರೂ ಒಬ್ಬೊಬ್ಬರಾಗಿ “ಕೊಟ್ಟೆ” ಅನ್ನಬೇಕು. ಮೂರು ಸಲ “ಕೊಟ್ಟೆ” ಎಂದು ಕೇಳಿಸಿದ ಮೇಲೆಯೇ ಮೊದಲ ಹೆಜ್ಜೆ. ಮುಂದಿನವನು ತಿರುಗಿ ನೋಡುವ ಹಾಗಿಲ್ಲ. ಕುತ್ತಿಗೆಯ ಪಕ್ಕದಲ್ಲಿ ಮರ ಇರುತ್ತದೆ, ಕಣ್ಣು ದಾರಿಯ ಮೇಲೆ ಇರಬೇಕು. ಹಿಂದಿನವರ ಮಾತನ್ನು ನಂಬಿ ಹೆಜ್ಜೆ ಹಾಕಬೇಕು.

ತಮ್ಮನಿಗೆ ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ಸೊಂಟ ಹಿಡಿಯಿತು. ಸುಳ್ಳಲ್ಲ, ನಿಜವಾದ ನೋವೇ. ಬೆಳಗ್ಗೆ ಏಳುವಾಗ ಮಗ್ಗುಲಿಗೆ ಹೊರಳಿ ಕೈ ಊರಿ ಏಳಬೇಕಾಗಿತ್ತು. ಕಾಲು ತೊಳೆಯಲು ಬಗ್ಗಿದರೆ ನೆಟ್ಟಗಾಗುವುದಕ್ಕೆ ಗೋಡೆ ಹಿಡಿಯಬೇಕಾಗಿತ್ತು. ಇವತ್ತು ಹೋದೀತು ನಾಳೆ ಹೋದೀತು ಅನ್ನುತ್ತಾ ಒಂದು ವರ್ಷ ಕಳೆಯಿತು. ಹಚ್ಚದ ಎಣ್ಣೆಯಿಲ್ಲ, ಕೊಡದ ಕಾವಿಲ್ಲ. ನೋವು ಮಾತ್ರ ಮನೆಯವರಲ್ಲಿ ಒಬ್ಬರ ಹಾಗೆ ಉಳಿದುಕೊಂಡುಬಿಟ್ಟಿತು.

ಬೆನ್ನುನೋವಿಗೆ ಇರುವಷ್ಟು ಮರ್ಯಾದೆ ಬೇರೆ ನೋವಿಗೆ ಇಲ್ಲ. ಅದು ಕಣ್ಣಿಗೆ ಕಾಣುವುದಿಲ್ಲ. ಇದೆ ಎಂದವನ ಮಾತೇ ಸಾಕ್ಷಿ. ತಾಯಿ ಬೆಳಗ್ಗೆ ಎದ್ದವಳೇ “ಬೆನ್ನು ಹೆಂಗೈತೆ ಮಗಾ?” ಅನ್ನುತ್ತಿದ್ದಳು. ಮುದ್ದೆ ಬಡಿಸುವಾಗ ಅತ್ತಿಗೆ ಕೇಳುತ್ತಿದ್ದಳು. ಪಲ್ಲಕ್ಕಿಯ ಪರದೆ ಸರಿಸಿ ದೊರೆಯ ತಾಯಿಯೂ ಕೇಳುತ್ತಿದ್ದಳು. ಅಣ್ಣನಂತೂ ದಿನಕ್ಕೆ ಎರಡು ಸಲ ಕೇಳುತ್ತಿದ್ದ. ಅಣ್ಣನ ಬೆನ್ನು ಹೇಗಿದೆ ಎಂದು ಯಾರೂ ಕೇಳಲಿಲ್ಲ. ಅವನಾಗಿ ಅವನು ಹೇಳಿಕೊಂಡದ್ದೂ ಇಲ್ಲ.

ನದಿಯ ಆಚೆ ಮೂಳೆ ಕಟ್ಟುವ ಮುದುಕಿಯೊಬ್ಬಳಿದ್ದಳು. ಬಾಯಿ ಜೋರು, ಕೈ ಒಳ್ಳೆಯದು. ಅಣ್ಣನೇ ಒತ್ತಾಯ ಮಾಡಿ ತಮ್ಮನನ್ನು ಅವಳ ಹತ್ತಿರ ಕಳಿಸಿದ. ಮುದುಕಿ ಅವನನ್ನು ಬೋರಲು ಮಲಗಿಸಿ, ಬೆನ್ನುಮೂಳೆಯ ಎರಡು ಪಕ್ಕಕ್ಕೂ ಹೆಬ್ಬೆರಳು ಒತ್ತಿಕೊಂಡು ಬಂದಳು.

“ಮೂಳೆ ನೆಟ್ಟಗೈತೆ. ಮೂಳೆ ಹಿಡ್ಕೊಳ್ಳೋ ಮಾಂಸಕ್ಕೆ ತ್ರಾಣ ಇಲ್ಲ. ಪಲ್ಲಕ್ಕಿ ಹೊರೋದು ಹೆಗಲು ಅಂದ್ಕೊಂಡಿದ್ದೀಯೇನ್ಲಾ? ಹೊರೋದು ಸೊಂಟ. ಅದಕ್ಕೆ ಕೆಲಸ ಕಲಿಸು,” ಎಂದಳು.

ಅವಳು ಹೇಳಿಕೊಟ್ಟದ್ದು ಮೂರೇ. ಅಂಗಾತ ಮಲಗಿ, ಮೊಣಕಾಲು ಮಡಿಸಿ, ಪಾದ ಊರಿ ಸೊಂಟವನ್ನು ಮೇಲೆತ್ತುವುದು. ಹತ್ತು ಉಸಿರು ಆಗುವವರೆಗೆ ಇಳಿಸಬಾರದು. ಬೋರಲು ಮಲಗಿ, ಕೈ ಊರದೆ ಎದೆಯನ್ನು ನೆಲದಿಂದ ಎತ್ತುವುದು. ಅಂಬೆಗಾಲಿನಲ್ಲಿ ನಿಂತು, ಬಲಗೈಯನ್ನು ಮುಂದಕ್ಕೂ ಎಡಗಾಲನ್ನು ಹಿಂದಕ್ಕೂ ಚಾಚಿ, ಬೆನ್ನಿನ ಮೇಲೆ ಇಟ್ಟ ತಂಬಿಗೆ ಉರುಳದ ಹಾಗೆ ನಿಲ್ಲುವುದು. ಆಮೇಲೆ ಕೈಕಾಲು ಬದಲಾಯಿಸುವುದು. ಒಂದೊಂದನ್ನೂ ಹತ್ತು ಸಲ, ದಿನವೂ ಬೆಳಗ್ಗೆ.

“ಮೊದಲ್ನೇ ತಿಂಗಳು ನೋಯ್ತದೆ. ನನ್ನ ಬೈಕೊಂಡೇ ಮಾಡು. ಎರಡನೇ ತಿಂಗಳು ನೋವು ಇದ್ದಲ್ಲೇ ಇರ್ತದೆ. ಮೂರು ತಿಂಗಳು ತುಂಬೋ ಹೊತ್ಗೆ ಎಲ್ಲಿ ಹೋಯ್ತು ಅಂತ ನೀನೇ ಹುಡುಕ್ತೀಯ. ಆಮೇಲೂ ಬಿಡಬ್ಯಾಡ.”

“ಅಲ್ಲೀಗಂಟ ಪಲ್ಲಕ್ಕಿ?”

“ಹೊರು. ಬೆನ್ನಿಗೆ ರಜ ಕೊಟ್ರೆ ಇರೋ ತ್ರಾಣಾನೂ ಹೋಯ್ತದೆ. ನೋವು ಚುರುಕ್ ಅಂತ ಕಾಲಿಗೆ ಇಳಿದ್ರೆ ನಿಲ್ಲಿಸಿ ನನ್ತಾವ ಬಾ. ಸುಮ್ನೆ ಸೊಂಟ ಸುಸ್ತಾಯ್ತು ಅಂತ ಬಂದೀಯ, ಬಾಗಿಲು ತೆಗೆಯಾಕಿಲ್ಲ.”

ತಮ್ಮ ಮನೆಗೆ ಬಂದು ಹೇಳಿದ. ಅಣ್ಣನಿಗೆ ಖುಷಿಯಾಯಿತು. “ಮೂರು ತಿಂಗಳು ತಾನೆ? ಮಾಡು. ಗಟ್ಟಿ ಆಗೋಗಂಟ ನಾನಿದ್ದೀನಿ,” ಎಂದ.

ತಮ್ಮ ನಾಲ್ಕು ದಿನ ಮಾಡಿದ. ಮುದುಕಿ ಹೇಳಿದ ಹಾಗೆಯೇ ನೋಯಿತು. ಸೊಂಟ ಎತ್ತಿದರೆ ತೊಡೆ ನಡುಗುತ್ತಿತ್ತು, ಐದನೆಯ ಉಸಿರಿಗೇ ಇಳಿದುಹೋಗುತ್ತಿತ್ತು. ಬೆನ್ನ ಮೇಲಿಟ್ಟ ತಂಬಿಗೆ ಪ್ರತಿ ಸಲವೂ ಉರುಳಿತು. ನೋವು ಕಾಲಿಗೇನೂ ಇಳಿಯಲಿಲ್ಲ, ಅಂಥ ಅದೃಷ್ಟ ಅವನಿಗಿರಲಿಲ್ಲ.

ಐದನೆಯ ದಿನ ನದಿಯಿಂದ ಹಿಂದಿರುಗುವಾಗ, ಏರಿನಲ್ಲಿ, ತಮ್ಮನ ಕಾಲಿಗೆ ಒಂದು ಕಲ್ಲು ಎಡವಿತು. ಮೈ ಸ್ವಲ್ಪ ತಗ್ಗಿತು. ಹೆಗಲು ದಂಡಿಗೆಯಿಂದ ಬಿಟ್ಟುಕೊಂಡಿತು. ಪಲ್ಲಕ್ಕಿ ಬಿದ್ದೇ ಹೋಯಿತು ಎಂದುಕೊಂಡ. ಆದರೆ ಪಲ್ಲಕ್ಕಿ ಬೀಳಲಿಲ್ಲ. ಅಣ್ಣನ ಹೆಜ್ಜೆ ಒಂದು ಕ್ಷಣ ತಡೆದು ಮತ್ತೆ ಮುಂದಕ್ಕೆ ಹೋಯಿತು. ದಂಡಿಗೆಗೂ ತಮ್ಮನ ಹೆಗಲಿಗೂ ನಡುವೆ ಎರಡು ಬೆರಳಿನಷ್ಟು ಸಂದು. ಆ ಸಂದಿನಲ್ಲಿ ಎಂಥ ಸುಖ! ಒಂದು ವರ್ಷದಿಂದ ಸೊಂಟವನ್ನು ಹಿಂಡುತ್ತಿದ್ದ ಕೈಯನ್ನು ಯಾರೋ ಬಿಡಿಸಿದ ಹಾಗಾಯಿತು. ಕೋಟೆಯ ಬಾಗಿಲು ಬರುವವರೆಗೂ ಅವನು ನೆಟ್ಟಗಾಗಲಿಲ್ಲ.

ಆ ಸಂಜೆ ಅಣ್ಣ ಕಟ್ಟೆಯ ಮೇಲೆ ಕೂತು ತನ್ನ ಹೆಗಲನ್ನು ತಾನೇ ನೀವಿಕೊಳ್ಳುತ್ತಾ, “ವ್ಯಾಯಾಮ ಮಾತ್ರ ತಪ್ಪಿಸಬ್ಯಾಡ ತಮ್ಮಾ,” ಎಂದ. ಬೇರೆ ಏನೂ ಹೇಳಲಿಲ್ಲ. ತಮ್ಮ ಅದನ್ನು ಬರಿಯ ಬುದ್ಧಿಮಾತು ಎಂದುಕೊಂಡ.

ಬೆನ್ನು ವಾಸಿಯಾಗುವವರೆಗೆ ಮಾತ್ರ, ಮೂರು ತಿಂಗಳು ಮಾತ್ರ ಎಂದು ತಮ್ಮ ತನಗೆ ತಾನೇ ಹೇಳಿಕೊಂಡ. ಹೆಗಲ ಮೇಲೆ ಹಾಕುವ ಬಟ್ಟೆಯ ಮೆತ್ತೆಯನ್ನು ಒಂದು ಮಡಿಕೆ ದಪ್ಪ ಮಾಡಿಕೊಂಡ. ಹಿಂದಿನ ಇಬ್ಬರು ನೋಡಿದರೆ ದಂಡಿಗೆ ಮೆತ್ತೆಯ ಮೇಲೆ ಕೂತ ಹಾಗೇ ಕಾಣುತ್ತಿತ್ತು. ಅದು ಬಟ್ಟೆಯನ್ನು ಸವರಿಕೊಂಡು ಹೋಗುತ್ತಿತ್ತು ಅಷ್ಟೆ. ದಂಡಿಗೆ ಎದ್ದ ಕೂಡಲೇ ಅಣ್ಣ “ಹೆಗಲು ಕೊಟ್ರಾ?” ಎನ್ನುತ್ತಿದ್ದ. ತಮ್ಮ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಗಟ್ಟಿಯಾಗಿ, “ಕೊಟ್ಟೆ ಅಣ್ಣಾ” ಎನ್ನುತ್ತಿದ್ದ.

ಹೊರೆ ಇಲ್ಲದ ಮೇಲೆ ವ್ಯಾಯಾಮಕ್ಕೆ ಅವಸರವೇನು? ಐದನೆಯ ದಿನಕ್ಕೆ ನಿಂತದ್ದು ನಿಂತೇ ಹೋಯಿತು. ಆದರೆ ಅಣ್ಣ ದಿನವೂ ಬೆಳಗ್ಗೆ ಹಿತ್ತಲಿಗೆ ಹೋಗುವಾಗ ತಮ್ಮನ ಕೋಣೆಯ ಮುಂದೆಯೇ ಹೋಗುತ್ತಿದ್ದ. ಅವನಿಗೆ ಎದ್ದ ಕೂಡಲೇ ಕೆಮ್ಮುವ ಅಭ್ಯಾಸ. ಕೆಮ್ಮು ಕೇಳಿಸಿದರೆ ತಮ್ಮ ಚಾಪೆಯ ಮೇಲೆ ಸೊಂಟ ಎತ್ತುತ್ತಿದ್ದ. ಹೆಜ್ಜೆ ದಾಟಿದರೆ ಇಳಿಸುತ್ತಿದ್ದ. ದಿನಕ್ಕೆ ಒಂದು ಸಲ ಎತ್ತಿ ಇಳಿಸಿದರೆ ಅದು ವ್ಯಾಯಾಮವಲ್ಲ, ನಮಸ್ಕಾರ. ಬಾಗಿಲಲ್ಲಿ ಅಣ್ಣನ ಮುಖ ಅರಳುತ್ತಿತ್ತು. “ಆಯ್ತಾ?” ಎನ್ನುತ್ತಿದ್ದ. “ಇನ್ನೆರಡು ಐತಣ್ಣಾ,” ಎಂದು ತಮ್ಮ ಏದುಸಿರು ಬಿಡುತ್ತಿದ್ದ. ಏದುಸಿರು ಬಿಡುವುದನ್ನು ಅವನು ಚೆನ್ನಾಗಿ ಕಲಿತಿದ್ದ.

ಮೂರು ತಿಂಗಳಾಯಿತು. ನೋವು ಹೋಗಲಿಲ್ಲ. ಒಂದು ವರ್ಷವಾಯಿತು, ಎರಡಾಯಿತು. ಕೆಲಸವಿಲ್ಲದ ಸೊಂಟ ಇನ್ನೂ ಸೋತಿತು. ಮೊದಲು ಪಲ್ಲಕ್ಕಿ ಹೊತ್ತರೆ ನೋಯುತ್ತಿದ್ದದ್ದು ಈಗ ನೀರಿನ ಕೊಡ ಎತ್ತಿದರೂ ನೋಯತೊಡಗಿತು. ಇಷ್ಟು ನೋವಿರುವಾಗ ಹೊರುವುದಾದರೂ ಹೇಗೆ ಎಂದು ಅವನು ನಿಜವಾಗಿಯೇ ಕೇಳಿಕೊಳ್ಳುತ್ತಿದ್ದ. ವ್ಯಾಯಾಮ ಸುಳ್ಳು, “ಕೊಟ್ಟೆ” ಎಂಬುದು ಸುಳ್ಳು, ನೋವು ಮಾತ್ರ ನಿಜ. ಅದೊಂದು ನಿಜವನ್ನು ಮುಂದಿಟ್ಟುಕೊಂಡು ಅವನು ಉಳಿದೆರಡನ್ನೂ ಸಾಕಿಕೊಂಡು ಬಂದ. ತನ್ನನ್ನು ಯಾರಾದರೂ ಮೈಗಳ್ಳ ಎಂದಿದ್ದರೆ ಅವನಿಗೆ ಕಣ್ಣೀರೇ ಬರುತ್ತಿತ್ತು.

ಹೆಗಲ ಮೆತ್ತೆಗಳನ್ನು ಹೊಲಿಯುತ್ತಿದ್ದವಳು ಅತ್ತಿಗೆ. ಹಳೆಯ ಸೀರೆಯ ತುಂಡುಗಳನ್ನು ಒಂದರ ಮೇಲೊಂದು ಇಟ್ಟು ದಬ್ಬಳದಲ್ಲಿ ಹೊಲಿಯುತ್ತಿದ್ದಳು. ಗಂಡನ ಮೆತ್ತೆ ಎರಡು ತಿಂಗಳಿಗೆ ಸವೆದು ನೂಲು ಬಿಡುತ್ತಿತ್ತು. ಮೂರನೆಯ ವರ್ಷ ಅವಳಿಗೆ ಒಂದು ಮಾತು ಹೊಳೆಯಿತು.

“ಏನಪ್ಪಾ ಚಿಕ್ಕೋನೆ, ನಿನ್ನ ಮೆತ್ತೆ ಹರಿಯೋದೇ ಇಲ್ವಲ್ಲ? ನಿಮ್ಮಣ್ಣಂದು ಈ ವರ್ಷಕ್ಕೇ ಇದು ಆರನೇದು.”

“ನಂದು ನಯವಾದ ಹೆಗಲು ಅತ್ಗೆ,” ಎಂದು ತಮ್ಮ ನಕ್ಕ. ಅವಳೂ ನಕ್ಕಳು.

ಆದರೆ ಅವನಿಗೆ ಹೆದರಿಕೆ ಹತ್ತಿತು. ಅಂದಿನಿಂದ ಅವನು ಯಾರೂ ಇಲ್ಲದ ಹೊತ್ತು ನೋಡಿ, ಹಿತ್ತಲ ಒಗೆಯುವ ಕಲ್ಲಿನ ಮೇಲೆ ತನ್ನ ಮೆತ್ತೆಯನ್ನು ತಿಕ್ಕಿ ಸವೆಸತೊಡಗಿದ. ನಾಲ್ಕೈದು ಪದರದ ಬಟ್ಟೆ, ಸುಮ್ಮನೆ ಸವೆಯುವಂಥದ್ದಲ್ಲ. ಬಗ್ಗಿ ನಿಂತು, ಹಲ್ಲು ಕಚ್ಚಿ, ಬೆವರು ಸುರಿಸಿ ತಿಕ್ಕಬೇಕು. ಸೊಂಟ ಕಿತ್ತುಹೋಗುವ ಹಾಗೆ ನೋಯುತ್ತಿತ್ತು. ಮುದುಕಿ ಹೇಳಿದ ವ್ಯಾಯಾಮಕ್ಕೆ ಅದರ ಅರ್ಧ ಕಷ್ಟವೂ ಇರಲಿಲ್ಲ, ಅರ್ಧ ಹೊತ್ತೂ ಬೇಕಿರಲಿಲ್ಲ. ಎರಡು ತಿಂಗಳಿಗೊಮ್ಮೆ ಅವನು ಸವೆದ ಮೆತ್ತೆಯನ್ನು ಅತ್ತಿಗೆಯ ಮುಂದೆ ಇಡುತ್ತಿದ್ದ. ಅವಳು “ಅಯ್ಯೋ ಪಾಪ” ಎಂದು ಹೊಸದನ್ನು ಹೊಲಿದು ಕೊಡುತ್ತಿದ್ದಳು.

ಪಲ್ಲಕ್ಕಿ ಹೊರುವಾಗ ತಮ್ಮನ ಕಣ್ಣ ಮುಂದೆ ಇರುತ್ತಿದ್ದದ್ದು ಒಂದೇ, ಅಣ್ಣನ ಬೆನ್ನು. ವರ್ಷಗಟ್ಟಲೆ ಅವನು ಅದನ್ನು ನೋಡಿದ. ಮೊದಲು ಬಾಗಿಲ ಚೌಕಟ್ಟಿನ ಹಾಗೆ ನೆಟ್ಟಗಿತ್ತು. ನಾಲ್ಕನೆಯ ವರ್ಷಕ್ಕೆ ಎಡಕ್ಕೆ ವಾಲತೊಡಗಿತು. ಐದನೆಯ ವರ್ಷಕ್ಕೆ ಏರಿನಲ್ಲಿ ಅಣ್ಣ ಬಿಡುವ ಉಸಿರಿಗೆ ಒಂದು ಸಣ್ಣ ಮುಲುಗು ಸೇರಿಕೊಂಡಿತು. ತಮ್ಮ ಎಲ್ಲವನ್ನೂ ಕಂಡ. ಕಂಡು, ಕಣ್ಣನ್ನು ದಾರಿಯ ಕಡೆಗೆ ಹೊರಳಿಸಿದ.

ಆರನೆಯ ವರ್ಷ ಒಂದು ಬೆಳಗ್ಗೆ ಅಣ್ಣ ಬಾಗಿಲಲ್ಲಿ ನಿಂತವನು ಮುಂದಕ್ಕೆ ಹೋಗಲಿಲ್ಲ. ಚೌಕಟ್ಟನ್ನು ಹಿಡಿದುಕೊಂಡಿದ್ದ.

“ಆ ಮುದುಕಿ ಹೇಳಿದ್ದು ನಂಗೂ ಸ್ವಲ್ಪ ಹೇಳಿಕೊಡು ತಮ್ಮಾ. ಯಾಕೋ ನಂದೂ ಸೊಂಟ ಹಿಡ್ಕೊತಾ ಐತೆ. ಬೆಳಗ್ಗೆ ಇಬ್ರೂ ಒಟ್ಟಿಗೇ ಮಾಡಾನ.”

ಚಾಪೆಯ ಮೇಲೆ ಸೊಂಟ ಎತ್ತಿಕೊಂಡಿದ್ದ ತಮ್ಮ ಅದನ್ನು ಇಳಿಸಿ ಎದ್ದು ಕೂತ. ಅಣ್ಣ ದಿನವೂ ಬಂದು ಪಕ್ಕದಲ್ಲಿ ಮಲಗಿದರೆ ದಿನವೂ ಮಾಡಬೇಕಾಗುತ್ತದೆ. ಐದು ಉಸಿರಿಗೆ ಸೊಂಟ ಇಳಿಯುವುದನ್ನು ಅಣ್ಣ ನೋಡುತ್ತಾನೆ. ಇಷ್ಟು ವರ್ಷ ಮಾಡಿದವನ ತೊಡೆ ಯಾಕೆ ನಡುಗುತ್ತದೆ ಎಂದು ಕೇಳುತ್ತಾನೆ.

“ನಿಂಗ್ಯಾಕಣ್ಣಾ ಇದು? ಇದು ನನ್ನಂಥ ರೋಗಿಷ್ಟರು ಮಾಡೋದು. ನಿನ್ನ ಬೆನ್ನು ಕಬ್ಬಿಣ,” ಎಂದ.

“ಹಂಗಂತೀಯ?”

“ಹೂಂ. ಗಟ್ಟಿ ಇರೋರು ಮಾಡಿದ್ರೆ ಕೆಡ್ತದೆ ಅಂತ ಮುದುಕೀನೇ ಹೇಳವ್ಳೆ.”

ಅಣ್ಣ ನಂಬಿದ. ತಮ್ಮ ಹೇಳಿದ್ದನ್ನು ನಂಬುವುದು ಅವನಿಗೆ ಕಸುಬಿನಿಂದಲೇ ಬಂದ ಅಭ್ಯಾಸ. ಚೌಕಟ್ಟನ್ನು ಬಿಟ್ಟು ಮೆಲ್ಲಗೆ ಹಿತ್ತಲಿಗೆ ಹೋದ. ಅವತ್ತು ನದಿಗೆ ಹೋಗುವ ದಿನ. ದಂಡಿಗೆ ಮೇಲೆದ್ದಿತು. “ಹೆಗಲು ಕೊಟ್ರಾ?” ಎಂದು ಅಣ್ಣ ಕೂಗಿದ. “ಕೊಟ್ಟೆ ಅಣ್ಣಾ,” ಎಂದ ತಮ್ಮ.

ಏಳನೆಯ ವರ್ಷದಲ್ಲಿ ಆಗಬಾರದ್ದು ಆಯಿತು. ನದಿಗೆ ಇಳಿಯುವ ಮೆಟ್ಟಿಲುಗಳ ಮೇಲೆ ಪಾಚಿ ಇತ್ತು. “ಜಾರು ಐತೆ,” ಎಂದು ಅಣ್ಣ ಕೂಗಿದ. “ಜಾರು ಐತೆ,” ಎಂದು ಮೂವರೂ ಕೂಗಿದರು. ಇಳಿಜಾರಿನಲ್ಲಿ ಭಾರವೆಲ್ಲ ಮುಂದಿನವರ ಮೇಲೆ ಬರುತ್ತದೆ. ಮುಂದಿನವರು ಎಂದರೆ ಅಣ್ಣನೊಬ್ಬನೇ. ಮೂರನೆಯ ಮೆಟ್ಟಿಲಿನಲ್ಲಿ ಅವನ ಸೊಂಟ ಹಿಡಿದುಕೊಂಡಿತು. ಕಾಲು ಜಾರಿತು, ಮಂಡಿ ಮಡಚಿಕೊಂಡಿತು.

“ತಮ್ಮಾ, ಹೆಗಲು!” ಎಂದು ಅಣ್ಣ ಕೂಗಿದ.

ಆ ಕ್ಷಣದಲ್ಲಿ ತಮ್ಮ ಮೋಸ ಮಾಡಲಿಲ್ಲ. ಇದನ್ನು ಅವನ ಪರವಾಗಿ ಹೇಳಲೇಬೇಕು. ಅವನು ಇದ್ದಬದ್ದ ಶಕ್ತಿಯನ್ನೆಲ್ಲ ಕೂಡಿಸಿ ನೆಟ್ಟಗಾದ. ಎರಡು ಬೆರಳಿನ ಸಂದು ಮುಚ್ಚಿತು. ಏಳು ವರ್ಷದ ಮೇಲೆ ಮೊದಲ ಸಲ ದಂಡಿಗೆ ಅವನ ಹೆಗಲ ಮೇಲೆ ಕೂತಿತು. ಅಣ್ಣ ಕಾಲು ಊರಿಕೊಳ್ಳುವುದಕ್ಕೆ ಬೇಕಾಗಿದ್ದದ್ದು ಒಂದು ಉಸಿರಿನ ಹೊತ್ತು. ಹತ್ತು ಉಸಿರು ಹಿಡಿದು ನಿಲ್ಲುವುದನ್ನು ಕಲಿಯಬೇಕಾಗಿದ್ದ ಸೊಂಟ ಆ ಒಂದು ಉಸಿರಿಗೂ ನಿಲ್ಲಲಿಲ್ಲ. ತಮ್ಮ ಹಾಗೇ ಕುಸಿದು ಪಕ್ಕಕ್ಕೆ ಬಿದ್ದ. ದಂಡಿಗೆ ಮುಗ್ಗರಿಸಿ ಬಿದ್ದ ಅಣ್ಣನ ಸೊಂಟದ ಮೇಲೆ ಬಿತ್ತು.

ದೊರೆಯ ತಾಯಿಗೆ ಮೊಣಕೈ ತರಚಿತು. ಊರೆಲ್ಲ ಎರಡು ದಿನ ಆ ಮೊಣಕೈಯ ಮಾತನ್ನೇ ಆಡಿತು.

ಅಣ್ಣನನ್ನು ಬಾಗಿಲಿನ ಹಲಗೆಯೊಂದರ ಮೇಲೆ ಮಲಗಿಸಿ ಮನೆಗೆ ತಂದರು. ಮುದುಕಿಯನ್ನು ಕರೆಸಿದರು. ಅವಳು ಅವನ ಪಾದಕ್ಕೆ ಚಿವುಟಿದಳು, ಮೊಣಕಾಲಿಗೆ ಚಿವುಟಿದಳು, ತೊಡೆಗೆ ಚಿವುಟಿದಳು. ಅಣ್ಣ ಸೂರನ್ನು ನೋಡುತ್ತಿದ್ದ. ಅವನಿಗೆ ಗೊತ್ತಾಗಲೇ ಇಲ್ಲ.

“ನೀನು ಯಾವತ್ತಾದ್ರೂ ನನ್ತಾವ ಬಂದಿದ್ರೆ,” ಎಂದು ಮುದುಕಿ ಗದರಿಸುವುದಕ್ಕೆ ಹೋಗಿ ನಿಲ್ಲಿಸಿದಳು. “ಈ ಬೆನ್ನಿಗೆ ಇನ್ನು ನಾನೇನು ಹೇಳಿಕೊಡಾಕಾಯ್ತದಪ್ಪ,” ಎಂದಳು.

ತಾಯಿ ಕಣ್ಣು ಒರೆಸಿಕೊಂಡು, “ಇವಂದೂ ನೋಡವ್ವ, ಇವ್ನೂ ಬಿದ್ದವ್ನೆ. ಇವನ ಬೆನ್ನು ಮೊದ್ಲೇ ಸರಿ ಇಲ್ಲ,” ಎಂದು ಚಿಕ್ಕ ಮಗನನ್ನು ಮುಂದಕ್ಕೆ ತಳ್ಳಿದಳು. ತಮ್ಮ ಬೇಡ ಎಂದ. ಮುದುಕಿ ಬಿಡಲಿಲ್ಲ. ಅಣ್ಣನ ಹಾಸಿಗೆಯ ಪಕ್ಕದಲ್ಲೇ ಅವನನ್ನು ಬೋರಲು ಮಲಗಿಸಿ ಹೆಬ್ಬೆರಳು ಒತ್ತಿದಳು. ಒತ್ತಿದ ಕಡೆಯೆಲ್ಲ ಬೆರಳು ಒಳಕ್ಕೆ ಇಳಿಯಿತು.

“ನೀನು ಏನೇನು ಮಾಡ್ದೆ ಇಷ್ಟು ದಿನ?” ಎಂದಳು.

“ನೀವು ಹೇಳಿದ್ದನ್ನೇ ಮಾಡ್ತಾನೆ ಕಣವ್ವ. ಏಳು ವರ್ಷದಿಂದ ಒಂದು ದಿನ ತಪ್ಪಿಸಿಲ್ಲ. ನಾನೇ ನೋಡಿದ್ದೀನಿ,” ಎಂದು ಹಾಸಿಗೆಯಲ್ಲಿದ್ದ ಅಣ್ಣ ಹೇಳಿದ.

“ಏಳು ದಿನ ಮಾಡಿದ ಬೆನ್ನೂ ಅಲ್ಲ ಇದು,” ಎಂದು ಮುದುಕಿ ಕೈ ಒರೆಸಿಕೊಂಡು ಎದ್ದಳು.

ಅತ್ತಿಗೆ ಗೂಟಕ್ಕೆ ನೇತು ಹಾಕಿದ್ದ ಎರಡು ಮೆತ್ತೆಗಳನ್ನು ತೆಗೆದುಕೊಂಡಳು. ಗಂಡನ ಮೆತ್ತೆ ನಡುವಿನಲ್ಲಿ ದಂಡಿಗೆಯ ಗುಂಡನೆಯ ಗುರುತು ಬಿದ್ದು ತಗ್ಗಾಗಿತ್ತು. ಮೈದುನನದು ಅಂಚಿನಿಂದ ಅಂಚಿಗೆ ಒಂದೇ ಸಮ ಸವೆದಿತ್ತು. ಅದರಲ್ಲಿ ಒಗೆಯುವ ಕಲ್ಲಿನ ಮರಳು ಇನ್ನೂ ಸಿಕ್ಕಿಕೊಂಡಿತ್ತು. ಅವಳು ಎರಡನ್ನೂ ತಮ್ಮನ ಮುಂದೆ ಇಟ್ಟು ಒಳಗೆ ಹೋದಳು.

ಆಮೇಲೆ ಅಣ್ಣ ಹೇಳಿದ.

“ನೀನು ಹೆಗಲು ಕೊಡ್ತಿರಲಿಲ್ಲ ಅನ್ನೋದು ನಂಗೆ ಮೊದಲ್ನೇ ದಿನವೇ ಗೊತ್ತಾಯ್ತು. ಮುಂದೆ ಹೊರೋನಿಗೆ ಗೊತ್ತಾಗ್ದೆ ಇರ್ತದಾ? ಹೋಗ್ಲಿ, ನೋವಿರೋನು, ಗಟ್ಟಿ ಆಗೋಗಂಟ ನಾನೇ ಹೊರಾನ ಅಂದ್ಕೊಂಡೆ. ದಿನಾ ಬೆಳಗ್ಗೆ ನೀನು ಸೊಂಟ ಎತ್ತೋದು ಕಾಣ್ತಿತ್ತಲ್ಲ. ಇವತ್ತಲ್ಲ ನಾಳೆ ಕೊಡ್ತಾನೆ ಅಂದ್ಕೊಂಡೆ. ಮೂರು ತಿಂಗಳು, ಇನ್ನು ಮೂರು ತಿಂಗಳು ಅಂತ ಏಳು ವರ್ಷ ಹೊತ್ತೆ.”

ತಮ್ಮ ಅಣ್ಣನ ಕಾಲು ಹಿಡಿದುಕೊಂಡು ಅತ್ತ. ಹಿಡಿದದ್ದು ಅಣ್ಣನಿಗೆ ತಿಳಿಯಲಿಲ್ಲ. ಆ ಕಾಲುಗಳಿಗೆ ಏನೂ ತಿಳಿಯುತ್ತಿರಲಿಲ್ಲ. ಅಣ್ಣ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದ.

ಅಂದಿನಿಂದ ಅಣ್ಣನನ್ನು ದಿನವೂ ಎತ್ತಿ ಹಿತ್ತಲಿಗೆ ಒಯ್ಯಬೇಕಾಯಿತು, ತೊಳೆಯಬೇಕಾಯಿತು, ಮತ್ತೆ ಎತ್ತಿ ತಂದು ಮಲಗಿಸಬೇಕಾಯಿತು. ತಮ್ಮ ಎತ್ತಲು ಹೋದ. ಆಗಲಿಲ್ಲ. ಅತ್ತಿಗೆ ಸೆರಗು ಸಿಕ್ಕಿಸಿಕೊಂಡು ಗಂಡನನ್ನು ಒಬ್ಬಳೇ ಎತ್ತಿದಳು. ತಮ್ಮ ಬಾಗಿಲಿನಿಂದ ಸರಿದು ಅವಳಿಗೆ ದಾರಿ ಬಿಟ್ಟ. ಅವನಿಂದ ಆದದ್ದು ಅಷ್ಟೇ.

ಮರುದಿನ ಬೆಳಗ್ಗೆ ಅವನು ಚಾಪೆ ಹಾಸಿದ. ಅಂಗಾತ ಮಲಗಿ ಸೊಂಟ ಎತ್ತಿದ. ಯಾರೂ ಬಾಗಿಲಿಗೆ ಬರುವ ಹಾಗಿರಲಿಲ್ಲ, ಯಾವ ಕ್ಷಣದಲ್ಲಾದರೂ ಇಳಿಸಬಹುದಾಗಿತ್ತು. ಇಳಿಸಲಿಲ್ಲ. ತೊಡೆ ನಡುಗಿತು, ಕಣ್ಣಲ್ಲಿ ನೀರು ಬಂತು, ಹತ್ತು ಉಸಿರು ಎಣಿಸಿದ. ಬೋರಲಾದ, ಎದೆ ಎತ್ತಿದ. ಅಂಬೆಗಾಲಿನಲ್ಲಿ ನಿಂತು ಕೈಕಾಲು ಚಾಚಿದ. ತಂಬಿಗೆ ಉರುಳಿ ಸದ್ದಾಯಿತು. ಎತ್ತಿಟ್ಟುಕೊಂಡು ಮತ್ತೆ ನಿಂತ. ಗೋಡೆಯ ಆಚೆ ಅಣ್ಣ ಎಚ್ಚರವಾಗಿಯೇ ಇದ್ದ. ಏದುಸಿರು ಅವನಿಗೆ ಕೇಳಿಸುತ್ತಿತ್ತು. ಇದು ಏಳು ವರ್ಷ ಕೇಳಿದ ಏದುಸಿರಿನ ಹಾಗೆಯೇ ಇತ್ತು. ಅವನು “ಆಯ್ತಾ?” ಎಂದು ಕೇಳಲಿಲ್ಲ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

ಮರುಳಯ್ಯ ಎರಡು ಕೊಡ ನೀರು ಹೊತ್ತುಕೊಂಡು ಅಂಗಳ ದಾಟಿ ತೋಟಕ್ಕೆ ಹೋದ. ಅವನಿಗೆ ಕತೆ ಕೇಳುವುದಕ್ಕೆ ಪುರುಸೊತ್ತು ಇರಲಿಲ್ಲ.

ಶಂಭುಲಿಂಗ ಸ್ವಲ್ಪ ಹೊತ್ತು ಕಾದ. ಕತೆ ಮುಂದೆ ಇದೆ ಎಂದುಕೊಂಡಿದ್ದ. ಆಮೇಲೆ ತನ್ನ ಸೊಂಟದ ಮೇಲೆ ಕೈಯಿಟ್ಟುಕೊಂಡು, “ಗುರುಗಳೇ, ಕೊನೆಗೆ ಅವನ ಬೆನ್ನುನೋವು ವಾಸಿಯಾಯಿತೇ?” ಎಂದು ಕೇಳಿದ.

“ಯಾರದು?” ಎಂದರು ಗುರುಗಳು.

“ತಮ್ಮನದು.”

ಗುರುಗಳು ಮರುಳಯ್ಯ ಹೋದ ದಾರಿಯನ್ನು ಒಮ್ಮೆ ನೋಡಿದರು.

“ನೀನೂ ತಮ್ಮನ ಬೆನ್ನನ್ನೇ ಕೇಳಿದೆ,” ಎಂದರು.